ಕುದುರೆ ಯಜಮಾನರು ಸೋಲಲೊಪ್ಪಿದ್ದು

ಒಂದು ಕಡೆ ಕಾಲು ನಿಲ್ಲದವನಿಗೆ ಸಂಬಳಕ್ಕಿಂತ ಪ್ರಸಂಗಗಳೇ ಜಾಸ್ತಿ ಸಿಗುತ್ತವೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಚಾಮರಾಜನಗರದಲ್ಲಿ ಬಸ್ಸು ಹತ್ತಿದವನು ನಾನು. ಲಾರಿ ಕ್ಲೀನರ್, ಮೆಸ್ಸಿನಲ್ಲಿ ಸಪ್ಲೈಯರ್, ಪೆಂಡಾಲ್ ಕಟ್ಟುವವನು ಎಲ್ಲ ಆಗಿ, ಮದ್ರಾಸಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ನಗುವ ಸಂಗತಿಗಳು ಅಲ್ಲಿಗೂ ನನಗಿಂತ ಮುಂಚೆ ಬಂದು ಕೂತಿದ್ದವು.

೧. ಮೂರಡಿ ದೂರದ ಟಪಾಲು

ನಮ್ಮ ಕುದುರೆ ಯಜಮಾನರು ಮೈಲಾಪೂರಿನವರು. ಅಜ್ಜನ ಕಾಲಕ್ಕೆ ಕೊಳ್ಳೇಗಾಲದಿಂದ ಬಂದ ಮನೆತನ. ಎಂಟು ಕುದುರೆ, ಮದುವೆ ಮೆರವಣಿಗೆಗೂ ಸಿನಿಮಾಕ್ಕೂ ಅವೇ. ಬೆನ್ನ ಮೇಲೆ ಮಡಿಸಿದ ಕಂಬಳಿ, ಕೈಯಲ್ಲಿ ಲಗಾಮು, ಮಂಡಿಯ ಒತ್ತು, ನಾಲಿಗೆಯ ಲೊಚಲೊಚ ಸದ್ದು, ಇಷ್ಟೇ ಅವರ ಸವಾರಿ. ಮಗ ರೈಡಿಂಗ್ ಸ್ಕೂಲಿನಲ್ಲಿ ಕಲಿತವನು, ಜೀನು ಹೆಲ್ಮೆಟ್ಟು ಇಲ್ಲದೆ ಹತ್ತುವುದಿಲ್ಲ. ಜೀನು ಅಂದರೆ ಕುರ್ಚಿ, ಕುರ್ಚಿ ಮೇಲೆ ಕೂರುವವನು ಆಫೀಸಿಗೆ ಹೋಗಲಿ ಎನ್ನುವುದು ಯಜಮಾನರ ವಾದ.

ಕಸುಬು ನನ್ನ ಕೈಗೆ ಬಿಡಿ ಎಂದು ಮಗ ಕೇಳಿದ್ದಕ್ಕೆ, ಒಂದೇ ಒಂದು ಸಲ ನನ್ನನ್ನು ಹಿಂದೆ ಹಾಕು, ಎಂಟೂ ನಿನ್ನವು ಅಂದಿದ್ದರು. ಆರು ವರ್ಷ ಬೆಳಗಿನ ಹೊತ್ತು ಸಮುದ್ರದ ಮರಳಿನ ಮೇಲೆ ಓಡಿಸಿ ಓಡಿಸಿ ಸೋತ ಮಗ, ಈಗ ಕುದುರೆ ಕೊಡಲು ಒಪ್ಪಿಕೊಂಡಿರುವ ಪಿಕ್ಚರ್ ಮುಗಿದರೆ ಊಟಿ ಕಡೆ ಬೇರೆ ಕೆಲಸಕ್ಕೆ ಹೋಗುತ್ತೇನೆ ಎಂದು ಹೇಳಿ ಅಪ್ಪನ ಹತ್ತಿರ ಮಾತೇ ಬಿಟ್ಟಿದ್ದ.

ಹಾಗಾಗಿ ಇಬ್ಬರ ನಡುವಿನ ಟಪಾಲು ನಾನು. ಮೂರಡಿ ದೂರದಲ್ಲಿ ಇಬ್ಬರೂ ನಿಂತಿರುತ್ತಾರೆ. ಹುಲ್ಲು ಹಾಕಿದನಾ ಕೇಳು ಎಂದು ಅಪ್ಪ ಕನ್ನಡದಲ್ಲಿ, ಹಾಕಿಯಾಯ್ತು ಎಂದು ಹೇಳು ಅಂತ ಮಗ ತಮಿಳಿನಲ್ಲಿ. ಒಂದು ಬೆಳಿಗ್ಗೆ ಟೀಗೆ ಹೋಗಿ ಅರ್ಧ ಗಂಟೆ ತಡ ಮಾಡಿದೆ. ಬಂದು ನೋಡಿದರೆ ಯಜಮಾನರ ಪಂಚೆಯ ಅಂಚಿನ ಮೇಲೆ ಕಂದು ಕುದುರೆ ಕಾಲೂರಿ ನಿಂತಿದೆ. ಅದು ಮಗ ಪಳಗಿಸಿದ್ದು, ಇವರ ನಾಲಿಗೆಗೆ ಬಗ್ಗುವುದಿಲ್ಲ. ಯಜಮಾನರು ಪಂಚೆಯ ಗಂಟು ಹಿಡಿದುಕೊಂಡು ಅಲುಗದೆ ನಿಂತಿದ್ದಾರೆ. ಮಗ ಪಕ್ಕದಲ್ಲೇ ಬಕೆಟ್ ತೊಳೆಯುತ್ತಿದ್ದಾನೆ.

"ಎಲ್ಲಿ ಹೋಗಿದ್ದೆ ಮಾರಾಯ? ಕುದುರೆ ಹಿಂದಕ್ಕೆ ತಗೋ ಅಂತ ಅವನಿಗೆ ಹೇಳು" ಅಂದರು.

೨. ಹೀರೋ ಕಲಿತ ವಿದ್ಯೆ

ಪಿಕ್ಚರಿನ ಕಥೆಯೂ ಅದೇ. ಹಳೆಯ ಕಾಲದ ಕುದುರೆ ಪಳಗಿಸುವ ಕುಲ, ಹಟಮಾರಿ ಅಪ್ಪ, ಅವನನ್ನು ಮೀರಿಸಲು ಕಾಡು ಮೇಡು ಸುತ್ತುವ ಮಗ. ಮಗನ ಪಾತ್ರದ ಹೀರೋ ಸವಾರಿ ಕಲಿಯಲು ಅಣ್ಣಾ ನಗರದಿಂದ ದೊಡ್ಡ ಕಾರಿನಲ್ಲಿ ಬಂದರು. ಯಜಮಾನರದು ಒಂದು ಪದ್ಧತಿ ಇದೆ. ಯಾರೇ ಆಗಲಿ, ಹತ್ತುವುದಕ್ಕೆ ಮುಂಚೆ ಏಳು ದಿನ ಕುದುರೆಯ ಮೈ ತಿಕ್ಕಬೇಕು. ಹೀರೋ ಕೈಗೂ ಬ್ರಷ್ ಕೊಟ್ಟರು. ಅವರೂ ಪಾಪ, ಶ್ರದ್ಧೆಯಿಂದ ತಿಕ್ಕಿದರು. ಆದರೆ ಅವರು ಕಲಿಯಲು ಕೊಟ್ಟ ಕಾಲ್‌ಶೀಟ್ ನಾಲ್ಕೇ ದಿನದ್ದು.

ಈಗ ಪೋಸ್ಟರಿನಲ್ಲಿ ಹೀರೋ ಕುದುರೆಯ ಕತ್ತು ಸವರುತ್ತ ನಿಂತಿದ್ದಾರೆ. ಎಂಥ ಪ್ರೀತಿ ನೋಡಿ ಎನ್ನುತ್ತಾರೆ ಜನ. ಅವರಿಗೆ ಬರುವ ಕೆಲಸ ಅದೊಂದೇ ಎಂದು ನಾನು ಯಾರಿಗೂ ಹೇಳಿಲ್ಲ.

೩. ರಣಭೇರಿ

ತಾಂಬರಂ ದಾಟಿ ಒಂದು ಒಣಕೆರೆಯ ಬಯಲಿನಲ್ಲಿ ಯುದ್ಧದ ಶೂಟಿಂಗ್. ಸವಾರರಿಗೆ ಆವೇಶ ಬರಲಿ ಎಂದು ಡೈರೆಕ್ಟರು ಹತ್ತು ಜನರ ಡೋಲು ತರಿಸಿದ್ದರು. ಕತ್ತಿಗಳು ಮೇಲಕ್ಕೆ ಎದ್ದವು, ಡೋಲು ಮೊಳಗಿತು. ನಮ್ಮ ಎಂಟು ಕುದುರೆಗಳೂ ತಕ್ಷಣ ನಿಂತು, ಕತ್ತು ಬಾಗಿಸಿ, ಒಂದು ಕಾಲು ಎತ್ತಿ ಒಂದು ಕಾಲು ಇಟ್ಟು ಕುಣಿಯತೊಡಗಿದವು. ಮೆರವಣಿಗೆಯಲ್ಲಿ ಮದುಮಗನನ್ನು ಕೂರಿಸಿಕೊಂಡು ಅವು ಕಲಿತದ್ದೇ ಹಾಗೆ. ಕತ್ತಿ ಹಿಡಿದವರೆಲ್ಲ ಮೇಲೆ ತೂಗಾಡುತ್ತಿದ್ದರು.

ಇದೇನು ಯುದ್ಧವಾ ರಿಸೆಪ್ಶನ್ನಾ ಎಂದು ಡೈರೆಕ್ಟರು ಕೂಗಾಡಿದರು. ಯಜಮಾನರು ಬೇಜಾರು ಮಾಡಿಕೊಳ್ಳಲಿಲ್ಲ. "ಸ್ವಲ್ಪ ಹೊತ್ತು ಬಿಡಿ ಸಾರ್. ಯುದ್ಧ ಶುರುವಾಗೋದು ಮದುವೆ ಆದಮೇಲೇ ಅಲ್ವಾ" ಅಂದರು.

೪. ಕಡೆಯ ಓಟ

ಕಥೆಯ ಕೊನೆಗೆ ಓಟ. ಅಪ್ಪನದು ಬಿಳಿ ಕುದುರೆ, ಬರಿ ಕಂಬಳಿ. ಮಗನದು ಕಂದು ಕುದುರೆ, ಜೀನು. ಗೆಲ್ಲಬೇಕಾದವನು ಮಗ. ಹೀರೋಗೆ ಸವಾರಿ ಬಾರದು, ಅಪ್ಪನ ಪಾತ್ರದ ಹಿರಿಯ ನಟರಿಗೆ ಮಂಡಿನೋವು. ಹಾಗಾಗಿ ಡೂಪ್ ಆಗಿ ನಿಂತವರು ನಮ್ಮ ಯಜಮಾನರು ಮತ್ತು ಅವರ ಮಗ.

ಮೊದಲ ಟೇಕಿನಲ್ಲಿ ಯಜಮಾನರು ಗೆದ್ದರು. ಸೋಲಬೇಕು ಸಾರ್ ಎಂದು ಡೈರೆಕ್ಟರು ಕೈಮುಗಿದರು. ಆಗಲಿ ಎಂದು ತಲೆಯಾಡಿಸಿ ಎರಡನೆಯದರಲ್ಲೂ ಗೆದ್ದರು. ಮೂರನೆಯದರಲ್ಲಿ ಇನ್ನೂ ಮುಂದೆ ಹೋದರು. ಕೇಳಿದರೆ, ಕುದುರೆಗೆ ನಿಮ್ಮ ಕಥೆ ಗೊತ್ತಿಲ್ಲವಲ್ಲ ಅಂದರು. ಬಯಲಿನ ಪರ್ಮಿಷನ್ ಅವತ್ತಿಗೇ ಕೊನೆ. ಬಿಸಿಲು ಇಳಿಯುತ್ತಿತ್ತು.

ಆಗ ನಾನೇ ಡೈರೆಕ್ಟರ ಕಿವಿಯಲ್ಲಿ ಒಂದು ಉಪಾಯ ಊದಿದೆ. ಡೂಪ್‌ಗಳ ಮುಖ ಕಾಣುವುದಿಲ್ಲ, ಬಟ್ಟೆ ಅದಲು ಬದಲು ಮಾಡಿ. ಯಜಮಾನರು ಹೀರೋ ಆಗಿ ಗೆಲ್ಲಲಿ. ಅರವತ್ತು ದಾಟಿದ ಯಜಮಾನರಿಗೆ ಗುಂಗುರು ವಿಗ್ ಬಂತು, ಮಗನಿಗೆ ಬಿಳಿ ಗಡ್ಡ. ಬಟ್ಟೆಯ ಜೊತೆ ಕುದುರೆಯೂ ಬದಲಾಯಿತು. ಯಜಮಾನರು ಮೊದಲ ಬಾರಿಗೆ ಜೀನಿನ ಮೇಲೆ ಮುಳ್ಳಿನ ಮೇಲೆ ಕೂತಂತೆ ಕೂತರು.

ಬಿಳಿ ಗಡ್ಡ ಹಾಕಿಕೊಂಡ ಮಗ ಎರಡು ಮಾರು ಮುಂದೆ ಬಂದು ಗೆದ್ದುಬಿಟ್ಟ.

ಡೈರೆಕ್ಟರು ನೆಲದ ಮೇಲೆ ಕೂತರು. ಯಜಮಾನರು ಎಂಟನ್ನೂ ಬಿಚ್ಚಿಕೊಂಡು ಹೊರಟರೆ ಪಿಕ್ಚರೂ ಹೋಯಿತು, ಮಗನೂ ಹೋದ, ನನ್ನ ಕೆಲಸವೂ ಹೋಯಿತು. ಮಗ ತಾನಾಗಿ ಅಪ್ಪನ ಹತ್ತಿರ ಬಂದು, ಓಡಿದ್ದು ನಿಮ್ಮ ಕುದುರೆ, ಇದು ಲೆಕ್ಕಕ್ಕಿಲ್ಲ ಅಂದ. ಯಜಮಾನರು ಮಾನಿಟರ್ ಹತ್ತಿರ ಹೋಗಿ ಓಟವನ್ನು ಎರಡು ಸಲ ಹಾಕಿಸಿಕೊಂಡು ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ ನೇರ ಮಗನನ್ನೇ ಕೇಳಿದರು.

"ಬರಿ ಕಂಬಳಿ ಮೇಲೆ ಕೂರೋದು ಯಾವಾಗ ಕಲಿತೆ?"

"ಮಧ್ಯಾಹ್ನ ನೀವು ಮಲಗಿದಾಗ ಅಪ್ಪಾ" ಎಂದ ಮಗ, ಹುಡುಕಿ ಹುಡುಕಿ ಕನ್ನಡದಲ್ಲಿ.

"ಬಿಳಿ ಕುದುರೆ ಮೇಲಾ?"

"ದಿನಾ."

"ಅದಕ್ಕೇ ಸಂಜೆ ಅದಕ್ಕೆ ಅಷ್ಟು ಹಸಿವು" ಅಂದರು ಯಜಮಾನರು. ಆಮೇಲೆ, ಊಟಿಯ ಚಳಿ ನಿನ್ನ ಎಂಟು ಕುದುರೆಗೂ ಆಗಲ್ಲ, ಇಲ್ಲೇ ಇಟ್ಟುಕೊಂಡು ನೋಡಿಕೋ ಅಂದರು.

ಬಟ್ಟೆ ಮತ್ತೆ ಬದಲಾಯಿತು. ಯಜಮಾನರು ತಮ್ಮ ಬಿಳಿ ಕುದುರೆಯ ಮೇಲೆ ಕೂತು, ಒಂದೇ ಟೇಕಿನಲ್ಲಿ ಸೋತರು. ಲಗಾಮು ಬಿಗಿ ಹಿಡಿದರೋ ಇಲ್ಲವೋ ನಾನು ಕೇಳಲಿಲ್ಲ.

ಎಲ್ಲರೂ ಚಪ್ಪಾಳೆ ಹೊಡೆದರು. ಡೈರೆಕ್ಟರು ಮಾನಿಟರ್ ನೋಡಿ ಮತ್ತೆ ತಲೆ ಹಿಡಿದುಕೊಂಡರು. ಗಾಳಿಗೆ ಗಡ್ಡ ಪಕ್ಕಕ್ಕೆ ಹಾರಿ ಯಜಮಾನರ ಮುಖ ಕಾಣುತ್ತಿತ್ತು, ಆ ಮುಖದ ತುಂಬ ನಗು. ಇನ್ನೊಂದು ಟೇಕ್ ಹೋಗೋಣ, ಸೋತವರು ಅಳುಮುಖ ಮಾಡಬೇಕು ಎಂದು ಡೈರೆಕ್ಟರು ಬೇಡಿಕೊಂಡರು.

ಯಜಮಾನರು ಗಡ್ಡ ಕಿತ್ತು ಅವರ ಕೈಗೇ ಕೊಟ್ಟರು.

"ಗೆದ್ದಿರೋನು ನನ್ನ ಮಗ, ನಾನ್ಯಾಕೆ ಸಾರ್ ಅಳಲಿ? ಅಳೋಕೆ ಅಂತಲೇ ಮಂಡಿನೋವಿನವರನ್ನ ಕೂರಿಸಿದ್ದೀರಲ್ಲ, ಅವರಿಗೆ ಹೇಳಿ."