ಬೆಟ್ಟದ ಮೇಲೆ ಮುಖ ತಿರುಗಿಸಿದ ಎಸಿ

ನನ್ನ ಅತ್ತೆ ಉಮಾವತಿಯಮ್ಮನವರು ಈ ವರ್ಷದ ಜನವರಿಯವರೆಗೆ ನನ್ನೊಡನೆ ನೇರವಾಗಿ ಮಾತಾಡಿದವರಲ್ಲ. ಜಗಳವೇನೂ ಇರಲಿಲ್ಲ, ಹಳೆಯ ಕಾಲದ ಮರ್ಯಾದೆ. ಅಳಿಯನ ಎದುರು ನಿಂತು ಬಾಯಿ ಬಿಡಬಾರದೆಂದು ಅವರ ತಾಯಿ ಹೇಳಿಕೊಟ್ಟಿದ್ದರಂತೆ. ಹಾಗಾಗಿ ನನಗೆ ಹೇಳಬೇಕಾದದ್ದನ್ನೆಲ್ಲ ನನ್ನ ಹೆಂಡತಿ ಸ್ವರ್ಣಲತಾಗೋ, ಐದು ವರ್ಷದ ಮಗಳು ನಿಶ್ಮಿತಾಗೋ ಹೇಳುತ್ತಿದ್ದರು. ಅವರಿಬ್ಬರೂ ಇಲ್ಲದಿದ್ದರೆ ಗೋಡೆಯ ಕ್ಯಾಲೆಂಡರಿಗೆ. "ಇಟ್ಟ ಚಾ ತಣಿಯುತ್ತದೆ ಅಂತ ಈ ಮನೆಯ ಯಜಮಾನರಿಗೆ ಗೊತ್ತುಂಟಾ ಇಲ್ವಾ?" ಎಂದು ಅವರು ಕ್ಯಾಲೆಂಡರನ್ನು ಕೇಳಿದರೆ ನಾನು ಎದ್ದು ಹೋಗಿ ಚಾ ಕುಡಿಯಬೇಕು. (ಕ್ಯಾಲೆಂಡರ್ ಒಮ್ಮೆಯೂ ಎದುರುತ್ತರ ಕೊಟ್ಟದ್ದಿಲ್ಲ. ನನಗಿಂತ ಅದಕ್ಕೇ ಸಂಸಾರದ ಅನುಭವ ಜಾಸ್ತಿ.)

ಅತ್ತೆ ಮೂಲ್ಕಿಯಿಂದ ಮಸ್ಕತ್ತಿಗೆ ಬಂದದ್ದು ನಿಶುವನ್ನು ನೋಡಿಕೊಳ್ಳಲು. ಸ್ವರ್ಣಳಿಗೆ ಒಂದು ನರ್ಸರಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಅಲ್ ಖುವೈರ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಗೋಡೆ ಎಣಿಸುತ್ತ ಕೂತವಳು ಕೆಲಸಕ್ಕೆ ಹೊರಟ ಮೇಲೆ ಮನೆಯಲ್ಲಿ ಹಾಡು ಹೇಳತೊಡಗಿದ್ದಳು. ಎಲ್ಲವೂ ಸುಖವಾಗಿತ್ತು, ಅತ್ತೆಯ ಮೊಣಕಾಲೊಂದನ್ನು ಬಿಟ್ಟು.

ತಪ್ಪು ನನ್ನ ಉದ್ಯೋಗದ್ದು. ನಾನು ಎಸಿ ಮಾರುವ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್. ಎಸಿ ಕಂಪನಿಯವನ ಮನೆಯಲ್ಲಿ ಎಸಿ ಬಂದ್ ಮಾಡುವುದೆಂದರೆ ಭಟ್ಟರ ಮನೆಯಲ್ಲಿ ದೀಪ ಆರಿಸಿದಂತೆ ಎಂಬ ಘನವಾದ ತತ್ತ್ವವನ್ನು ನಾನು ಡಿಸೆಂಬರಿನಲ್ಲೂ ಪಾಲಿಸುತ್ತಿದ್ದೆ. ಆ ತಂಪಿಗೆ ಅತ್ತೆಯ ಮೊಣಕಾಲು ಹಿಡಿದುಕೊಂಡು ಕಲ್ಲಾಗುತ್ತಿತ್ತು.

"ಸ್ವರ್ಣಾ, ನನ್ನನ್ನು ಊರಿಗೆ ಕಳಿಸು ಮಗಾ," ಎಂದು ಅತ್ತೆ ಒಂದು ಬೆಳಿಗ್ಗೆ ರಾಗ ತೆಗೆದರು. "ಇದು ಮನೆಯಾ? ಐಸಿನಲ್ಲಿ ಬಂಗುಡೆ ಇಟ್ಟ ಹಾಗೆ ನನ್ನನ್ನು ಇಟ್ಟಿದ್ದೀರಿ. ವೀಸಾ ಮುಗಿಯುವಾಗ ನಾನು ಹೊರಟೆ. ಇನ್ನು ಮುಂದಕ್ಕೆ ಹಾಕುವುದು ಬೇಡ."

ಸ್ವರ್ಣ ನನ್ನ ಕಡೆ ತಿರುಗಿದಳು. "ಕೇಳಿದ್ರಾ ಮಾರಾಯ್ರೆ? ಅಮ್ಮ ಹೋದ್ರೆ ನಾನೂ ನಿಶುವೂ ಒಟ್ಟಿಗೇ ಹೋಗ್ತೇವೆ. ಕೆಲಸ ಬಿಟ್ಟು ಪುನಃ ಗೋಡೆ ನೋಡ್ಲಿಕ್ಕೆ ನನ್ನಿಂದಾಗುದಿಲ್ಲ. ನೀವು ಕ್ಲಾರೆನ್ಸನ ರೂಮಿಗೆ ಹೋಗಿ."

ಕ್ಲಾರೆನ್ಸ್ ನಮ್ಮ ಕಂಪನಿಯ ಸೇಲ್ಸ್‌ಮನ್, ಉಡುಪಿ ಕಡೆಯವನು, ಮದುವೆಗೆ ಮುಂಚೆ ನನ್ನ ರೂಮ್‌ಮೇಟ್. ಚಿನ್ನದಂಥ ಮನುಷ್ಯ. ಆದರೆ ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಮೊಟ್ಟೆ, ಸಂಜೆ ಅತಿಥಿಗಳಿದ್ದರೆ ಎರಡು ಮೊಟ್ಟೆ ಮಾಡುವವನು. ಅಲ್ಲಿಗೆ ವಾಪಸ್ ಹೋಗುವುದನ್ನು ನೆನೆದೇ ನನ್ನ ಹೊಟ್ಟೆಯಲ್ಲಿ ಕೋಳಿ ಕೂಗಿತು. ಹೆಂಡತಿ ಮಗಳಿಲ್ಲದ ಮನೆ ನನಗೆ ಬೇಡವಾಗಿತ್ತು. ಏನಾದರೂ ಮಾಡಿ ಅತ್ತೆಯ ಮನಸ್ಸು ಗೆಲ್ಲಬೇಕಿತ್ತು.

ಗೆಲ್ಲಲು ದಾರಿ ತೋರಿಸಿದವನು ಕ್ಲಾರೆನ್ಸನೇ. "ಜಬಲ್ ಶಮ್ಸ್ ಬೆಟ್ಟದ ಮೇಲೆ ಕಂಪನಿಯ ಕ್ಯಾರವಾನ್ ಖಾಲಿ ಬಿದ್ದುಂಟು ಮಾರಾಯ. ಗುರುವಾರ ಹೋಗುವ, ಶುಕ್ರವಾರ ಬರುವ. ಗಾಡಿ ನಾನು ತರ್ತೇನೆ. ಅಮ್ಮನಿಗೆ ಎಸಿ ಅಲ್ವಾ ಬೇಡದ್ದು? ಅಲ್ಲಿ ದೇವರು ಕೊಟ್ಟ ತಂಪು!"

ಕ್ಯಾರವಾನ್ ಎಂದರೆ ಚಕ್ರದ ಮೇಲಿನ ಮನೆ. ಬೆಟ್ಟದಲ್ಲಿ ಕೆಲಸವಿದ್ದಾಗ ಎಂಜಿನಿಯರುಗಳು ಉಳಿಯಲೆಂದು ಎಳೆದುಕೊಂಡು ಹೋಗಿ ನಿಲ್ಲಿಸಿದ್ದರು. ಮಂಚ, ಪುಟ್ಟ ಅಡುಗೆಕಟ್ಟೆ, ಪಕ್ಕದಲ್ಲೇ ಜನರೇಟರ್. ಜನವರಿಯ ಚಳಿಗೆ ಅಲ್ಲಿ ಬಕೆಟ್ಟಿನ ನೀರು ಗಡ್ಡೆ ಕಟ್ಟುತ್ತದೆಂದು ಕೇಳಿದ್ದೆ. ಹಾಗಾಗಿ ಹೀಟರ್ ಹುಡುಕಿಕೊಂಡು ಮತ್ರಾಹ್ ಪೇಟೆಗೆ ಹೋದೆ. "ಹೀಟರ್? ಮಸ್ಕತ್ ಮೇ?" ಎಂದು ಅಂಗಡಿಯವನು ನಕ್ಕವನು ಪಕ್ಕದ ಅಂಗಡಿಯವನನ್ನೂ ಕರೆದು ನಗಿಸಿದ. ಅವಮಾನದಿಂದ ಹಿಂದಿನ ಓಣಿಯಲ್ಲಿ ಬರುತ್ತಿದ್ದಾಗ ಯಾವುದೋ ಎಸಿಯ ಹಿಂಭಾಗ ನನ್ನ ಮುಖಕ್ಕೆ ಬಿಸಿ ಗಾಳಿ ಊದಿತು. ನಾನು ನಿಂತಲ್ಲೇ ನಿಂತೆ. ಎಸಿಯ ಮುಂದೆ ತಂಪು, ಹಿಂದೆ ಬಿಸಿ! ಕ್ಯಾರವಾನಿನ ಕಿಟಕಿಯಲ್ಲಿ ಎಸಿ ಇದ್ದೇ ಇದೆ. ಅದನ್ನು ಬಿಚ್ಚಿ, ಹಿಂದುಮುಂದು ಮಾಡಿ ಕೂರಿಸಿದರೆ? ಗಲ್ಫಿನಲ್ಲಿ ಇಷ್ಟು ಲಕ್ಷ ಜನ ಇದ್ದಾರೆ, ಒಬ್ಬನಿಗಾದರೂ ಹೊಳೆಯಿತೇ? ನನ್ನ ಬುದ್ಧಿಗೆ ನಾನೇ ದೃಷ್ಟಿ ತೆಗೆದುಕೊಂಡೆ.

ಹೊರಡುವ ದಿನ ಸ್ವರ್ಣ ಚೀಲಕ್ಕೆ ಇಸ್ತ್ರಿಪೆಟ್ಟಿಗೆ ತುರುಕುತ್ತಿದ್ದಳು.

"ಬೆಟ್ಟಕ್ಕೆ ಇಸ್ತ್ರಿಪೆಟ್ಟಿಗೆ ಯಾಕೆ?" ಎಂದೆ.

"ಅಮ್ಮನ ಫೋಟೋ ತೆಗಿಲಿಕ್ಕುಂಟು. ಮುದ್ದೆಯಾದ ಸೀರೆಯಲ್ಲಿ ತೆಗೆದು ಊರಿಗೆ ಕಳಿಸಿದ್ರೆ ಮಗಳು ನೋಡಿಕೊಳ್ಳುದಿಲ್ಲ ಅಂತ ಹೇಳುದಿಲ್ವಾ?"

"ಮತ್ತೆ ಆ ರೈಸ್ ಕುಕ್ಕರ್?"

"ಅಮ್ಮನಿಗೆ ಗಂಜಿ ಬೇಡ್ವಾ? ನೀವು ಸುಮ್ಮನೆ ಗಾಡಿ ಹತ್ತಿ."

ಹೆಂಗಸರಿಗೆ ವಿಜ್ಞಾನ ತಿಳಿಯುವುದಿಲ್ಲವೆಂದು ಮನಸ್ಸಿನಲ್ಲೇ ಮರುಗಿ ಗಾಡಿ ಹತ್ತಿದೆ. (ಜೋರಾಗಿ ಮರುಗುವ ಧೈರ್ಯ ನನಗಿಲ್ಲ.)

ಮಧ್ಯಾಹ್ನ ಬೆಟ್ಟ ತಲುಪಿದೆವು. ಎಳೆ ಬಿಸಿಲು, ಕಲ್ಲಿನ ಸಂದಿಯಲ್ಲಿ ಮೇಯುವ ಆಡುಗಳು, ನೋಡಿದರೆ ತಲೆ ತಿರುಗುವಷ್ಟು ಆಳದ ಕಣಿವೆ. ಅತ್ತೆ ಸೆರಗು ಹೊದ್ದು ಉಸಿರೆಳೆದುಕೊಂಡು, "ನಿಶೂ, ಗಾಳಿ ಅಂದ್ರೆ ಇದು. ಪೆಟ್ಟಿಗೆಯಿಂದ ಬರುವುದಲ್ಲ," ಎಂದರು. ಆ ಮಾತು ನನಗೆಂದು ನನಗೆ ಗೊತ್ತಾಯಿತು. ಅರ್ಧ ಗೆದ್ದೆ ಎಂದುಕೊಂಡೆ.

ಹೆಂಗಸರು ಕಣಿವೆ ನೋಡಲು ಹೋದಾಗ ನಾನೂ ಕ್ಲಾರೆನ್ಸನೂ ಕೆಲಸಕ್ಕಿಳಿದೆವು. ನಾನು ಎಸಿಗಳನ್ನು ಎಣಿಸುವವನು, ಕ್ಲಾರೆನ್ಸ್ ಮಾರುವವನು. ರಿಪೇರಿ ಗೊತ್ತಿದ್ದವರನ್ನು ಮಸ್ಕತ್ತಿನಲ್ಲೇ ಬಿಟ್ಟು ಬಂದಿದ್ದೆವು. ಆದರೂ ಸ್ಕ್ರೂ ಬಿಚ್ಚಿ, ಎಸಿಯನ್ನು ಮಗುವಿನಂತೆ ಎತ್ತಿ ತಿರುಗಿಸಿ, ಬೆನ್ನು ಒಳಗೆ ಮುಖ ಹೊರಗೆ ಮಾಡಿ ಕೂರಿಸಿದೆವು. ಸುತ್ತ ಉಳಿದ ಸಂದಿಗೆ ರಟ್ಟು, ರಟ್ಟಿಗೆ ಟೇಪು. "ಖಲಾಸ್!" ಎಂದು ಕ್ಲಾರೆನ್ಸ್ ಕೈ ಝಾಡಿಸಿದ.

ಸೂರ್ಯ ಮುಳುಗಿದ್ದೇ ತಡ, ಚಳಿ ಎಲ್ಲಿ ಅಡಗಿತ್ತೋ, ನುಗ್ಗಿಯೇ ಬಂತು. ಶಮ್ಸ್ ಎಂದರೆ ಅರಬಿಯಲ್ಲಿ ಸೂರ್ಯ. ಸೂರ್ಯನ ಹೆಸರಿಟ್ಟುಕೊಂಡು ಮನುಷ್ಯರನ್ನು ಹೀಗೆ ನಡುಗಿಸುವ ಬೆಟ್ಟ ಬೇರೆ ಇರಲಾರದು. ನಿಶುವಿನ ಮೂಗು ಕೆಂಪಾಯಿತು. ಅತ್ತೆ ಎರಡೂ ಮೊಣಕಾಲು ಹಿಡಿದು ಮಂಚದ ಮೂಲೆಯಲ್ಲಿ ಮುದುರಿದರು.

"ಭಯ ಬೇಡ," ಎಂದು ನಾನು ಎದ್ದು ನಿಂತೆ. "ಈಗ ನೋಡಿ, ಒಂದೇ ನಿಮಿಷದಲ್ಲಿ ಒಳಗೆ ಮೇ ತಿಂಗಳು ಮಾಡುತ್ತೇನೆ."

ಎಸಿಯ ಗುಂಡಿಗೆ ಕೈ ಹಾಕಿದೆ. ಗುಂಡಿ ಇರಲಿಲ್ಲ. ಆಗ ನೆನಪಾಯಿತು, ಗುಂಡಿಗಳಿರುವುದು ಎಸಿಯ ಮುಖದಲ್ಲಿ, ಮುಖವಿರುವುದು ಹೊರಗೆ.

ಹೊರಗೆ ಹೋದೆ. ಗಾಳಿ ನನ್ನ ಸಫಾರಿ ಸೂಟಿನ ಒಂದು ತೋಳಿನಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಂತು. ಪಕ್ಕದ ಕಿಟಕಿಯ ಗಾಜು ಸರಿಸಿ ಸ್ವರ್ಣ ಕೂಗಿದಳು.

"ಏನು ಹಾಕ್ತಾ ಇದ್ದೀರಿ ಅಲ್ಲಿ?"

"ಹೈ ಕೂಲ್!"

"ಹಲ್ಲು ಕಟಕಟ ಹೇಳ್ತದೆ, ಹೈ ಕೂಲಾ?"

"ಹೊರಗೆ ಹೈ ಕೂಲ್ ಆದ್ರೆ ಒಳಗೆ ಹೈ ಬಿಸಿ. ಇದು ಸೈನ್ಸ್!"

"ಬೆಟ್ಟಕ್ಕೆ ಎಸಿ ಹಾಕುವ ಸೈನ್ಸಾ?"

ನಾನು ಗುಂಡಿ ತಿರುಗಿಸಿದೆ. ಫ್ಯಾನ್ ಭೋರೆಂದು ತಿರುಗಿತು. ನಾನು ವಿಜಯಿಯಾಗಿ ಬಾಗಿಲಿಗೆ ಬಂದರೆ ಒಳಗಿನಿಂದ ನಿಶುವಿನ ಕೂಗು: "ಪಪ್ಪಾ, ಕೋಲ್ಡ್ ವಿಂಡ್ ಈಸ್ ಕಮಿಂಗ್ ಇನ್‌ಸೈಡ್!"

ಬಿಸಿಯಾಗಲು ಸ್ವಲ್ಪ ಸಮಯ ಬೇಕೆಂದೆ. ಬೇಕಾದಷ್ಟು ಸಮಯ ಕೊಟ್ಟೆವು. ಮತ್ತೆ ಹೊರಗೆ ಹೋಗಿ ಇನ್ನೊಂದು ಗುಂಡಿ ತಿರುಗಿಸಿದೆ. ಒಳಗೆ ಬಂದೆ. ಮತ್ತೆ ಹೋದೆ. ಬೆಟ್ಟದ ಚಳಿಗಾಳಿಯನ್ನೇ ಎಳೆದು ತಂದು ಎಸಿ ನಮ್ಮ ಮೇಲೆ ಸುರಿಯುತ್ತಿತ್ತು. ಕಾರಣ ನನಗೆ ತಿಳಿದದ್ದು ಮಸ್ಕತ್ತಿಗೆ ಮರಳಿದ ಮೇಲೆ: ಕೋಣೆ ಎಷ್ಟು ತಂಪಾಯಿತೆಂದು ನೋಡುವ ಒಂದು ತಂತಿ ಎಸಿಯ ಮುಖದಲ್ಲೇ ಇರುತ್ತದಂತೆ. ಹೊರಗಿನ ಚಳಿ ನೋಡಿದ ಎಸಿ, ಕೋಣೆ ಧಾರಾಳ ತಂಪಾಗಿದೆ, ಇನ್ನು ನನಗೇನು ಕೆಲಸ ಎಂದು ಬರೀ ಫ್ಯಾನ್ ತಿರುಗಿಸುತ್ತ ಕೂತಿತ್ತು. ನನಗೆ ಅನ್ನ ಕೊಡುವ ಕಂಪನಿಯ ವಸ್ತುವೇ ನನ್ನ ಮಾನ ಕಳೆಯಿತು.

"ಕೇಳಿತಾ," ಎಂದು ಅತ್ತೆಯ ದನಿ ಕೇಳಿತು. ಕ್ಯಾಲೆಂಡರ್ ಇಲ್ಲದ್ದರಿಂದ ರೈಸ್ ಕುಕ್ಕರಿಗೆ ಹೇಳುತ್ತಿದ್ದರು. "ಎಸಿ ಇಲ್ಲದ ಊರು ಅಂತ ಕರಕೊಂಡು ಬಂದದ್ದು. ಇಲ್ಲಿಯೂ ಎಸಿ. ಅದೂ ತಲೆಕೆಳಗು."

ಕುಕ್ಕರ್ ಎದುರು ನನ್ನ ತಲೆ ತಗ್ಗಿತು. ವೀಸಾ ಮುಗಿದಂತೆ, ಮೂವರೂ ವಿಮಾನ ಹತ್ತಿದಂತೆ, ಕ್ಲಾರೆನ್ಸ್ ನನಗಾಗಿ ಬಾಣಲೆಗೆ ಮೊಟ್ಟೆ ಒಡೆದಂತೆ ಕಣ್ಣಿಗೆ ಕಟ್ಟಿತು.

ಆಗ ಅತ್ತೆ ಎದ್ದರು. ಅದೇ ಕಲ್ಲಾದ ಮೊಣಕಾಲಿನಲ್ಲಿ! "ಕ್ಲಾರೆನ್ಸ್ ಮಗಾ, ಮೊದಲು ಆ ಭೂತವನ್ನು ಬಂದ್ ಮಾಡು. ಸ್ವರ್ಣಾ, ಆ ಮಾಟೆಯನ್ನು ಮುಚ್ಚು."

ಮಾಟೆ ಎಂದರೆ ನನ್ನ ಎಸಿ ಕೂತ ಕಿಟಕಿ. ಮುಚ್ಚಲು ಬೇಕಾದದ್ದು ದಪ್ಪನೆಯ ಬಟ್ಟೆ. ಸ್ವರ್ಣ ಸುತ್ತ ನೋಡಿದಳು, ನ್ಯಾಯಯುತವಾಗಿ ನನ್ನ ರಜಾಯಿಯನ್ನೇ ಎತ್ತಿ ತುರುಕಿದಳು. ಅತ್ತೆ ಕುಕ್ಕರಿನಲ್ಲಿ ಕುಚ್ಚಲಕ್ಕಿ ಗಂಜಿಗೆ ನೀರಿಟ್ಟರು. ಗಂಜಿ ಕುದಿಯತೊಡಗಿದಂತೆ ಆ ಪುಟ್ಟ ಮನೆಯಲ್ಲಿ ಹಬೆ ತುಂಬಿ, ಅನ್ನದ ವಾಸನೆ ಬಂದು, ಎಲ್ಲರ ಮುಖ ಸ್ವಲ್ಪ ಸಡಿಲಾಯಿತು.

ಗಂಜಿ ಕುಡಿದ ಮೇಲೆ ಅತ್ತೆ ಇಸ್ತ್ರಿಪೆಟ್ಟಿಗೆ ತೆಗೆದರು. ಈ ಹೊತ್ತಿನಲ್ಲಿ ಸೀರೆಗೆ ಇಸ್ತ್ರಿಯೇ ಎಂದು ನಾನು ಕಣ್ಣರಳಿಸಿದೆ. ಸೀರೆಗಲ್ಲ, ಹಾಸಿಗೆಗೆ! ಮಂಚದ ಮೇಲಿನ ಹಾಸಿಗೆಗೆ ಮೇಲಿನಿಂದ ಕೆಳಗೆ ಚೆನ್ನಾಗಿ ಇಸ್ತ್ರಿ ಹಾಕಿ, "ಬಾ ನಿಶೂ, ಬೇಗ ಬೇಗ!" ಎಂದು ಮಗುವನ್ನು ಬಿಸಿ ಹಾಸಿಗೆಯಲ್ಲಿ ಮಲಗಿಸಿ, ಹೊದಿಕೆಗೂ ಇಸ್ತ್ರಿ ಹಾಕಿ ಹೊದಿಸಿದರು. ನಿಶು "ಅಜ್ಜಿ, ಇಟ್ಸ್ ಲೈಕ್ ದೋಸೆ!" ಎಂದು ಕಿಲಕಿಲ ನಕ್ಕಳು. ಆಮೇಲೆ ಸ್ವರ್ಣಳ ಸರದಿ. ಆಮೇಲೆ ಗಾಡಿಯಲ್ಲಿ ಮಲಗಲು ಹೊರಟಿದ್ದ ಕ್ಲಾರೆನ್ಸನನ್ನು ತಡೆದು, ಅವನ ಕಂಬಳಿಗೂ ಇಸ್ತ್ರಿ ಹಾಕಿ ನೆಲದಲ್ಲೇ ಜಾಗ ಮಾಡಿಕೊಟ್ಟರು.

ನಾನು ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದೆ. ರಜಾಯಿ ಕಿಟಕಿಯಲ್ಲಿತ್ತು. ಕೇಳಲು ಮುಖವಿರಲಿಲ್ಲ.

ಅತ್ತೆ ತಮ್ಮ ಹೆಗಲ ಮೇಲಿದ್ದ ಉಣ್ಣೆಯ ಶಾಲು ತೆಗೆದರು. ಅದನ್ನು ಮಡಚಿ, ಎರಡೂ ಬದಿಗೆ ಇಸ್ತ್ರಿ ಹಾಕಿದರು. ಕುಕ್ಕರನ್ನು ನೋಡಲಿಲ್ಲ, ಮಗಳನ್ನು ಕರೆಯಲಿಲ್ಲ. ನೇರವಾಗಿ ನನ್ನ ಮುಂದೆ ಬಂದು ನಿಂತು ಹೇಳಿದರು: "ಅಳಿಯಂದಿರೇ, ಬೇಗ ಸುತ್ತಿಕೊಳ್ಳಿ. ತಣಿಯುವ ಮುಂಚೆ."

ಸುತ್ತಿಕೊಂಡೆ. ಅಮೃತಾಂಜನದ ವಾಸನೆಯ ಆ ಬಿಸಿ ಬೆನ್ನಿಗೆ ತಾಗಿದಾಗ ನನಗೆ ನಿಜವಾಗಿ ಅಳು ಬಂತು. ನನ್ನ ಅಮ್ಮ ತೀರಿಕೊಂಡ ಮೇಲೆ ಚಳಿಯಾಗುತ್ತದೆಯೇ ಎಂದು ನನ್ನನ್ನು ಕೇಳಿದವರಿರಲಿಲ್ಲ. "ನಿಮಗೆ ಶಾಲು?" ಎಂದೆ. "ನನಗೆ ಇಸ್ತ್ರಿಪೆಟ್ಟಿಗೆಯುಂಟಲ್ಲ," ಎಂದರು. ಅದೂ ನೇರವಾಗಿ.

ಮರುದಿನ ಬಿಸಿಲಿನಲ್ಲಿ ಅತ್ತೆಯ ಫೋಟೋ ತೆಗೆದೆವು, ಮುದ್ದೆಯಾದ ಸೀರೆಯಲ್ಲೇ. ವಾಪಸಾಗುವಾಗ ಗಾಡಿಯ ಹಿಂದಿನ ಸೀಟಿನಲ್ಲಿ ಸ್ವರ್ಣ ಮೆಲ್ಲಗೆ ಕೇಳಿದಳು: "ಹಾಗಾದ್ರೆ ಅಮ್ಮಾ, ವೀಸಾ?"

"ಮುಂದಕ್ಕೆ ಹಾಕಲಿಕ್ಕೆ ಹೇಳು."

ನಾನು ಮುಂದಿನ ಸೀಟಿನಲ್ಲಿ ಕಂಡಕಂಡ ದೇವರಿಗೆಲ್ಲ ಕೈ ಮುಗಿದೆ.

"ನಿಶುವಿಗಾಗಿ ಅಲ್ಲವಾ?" ಎಂದಳು ಸ್ವರ್ಣ.

"ನಿಶುವಿಗೆ ಬುದ್ಧಿಯುಂಟು, ಅವಳು ಹೇಗೂ ಬೆಳೆಯುತ್ತಾಳೆ. ಎಸಿಯನ್ನು ಹಿಂದುಮುಂದು ಕೂರಿಸುವವರನ್ನು ನಿನ್ನೊಬ್ಬಳ ಮೇಲೆ ಬಿಟ್ಟು ಹೋಗಲಿಕ್ಕೆ ನನಗೆ ಧೈರ್ಯ ಬರುವುದಿಲ್ಲ ಮಗಾ."

ಕ್ಲಾರೆನ್ಸ್ ನಕ್ಕ ರಭಸಕ್ಕೆ ಗಾಡಿ ಒಂದು ಗುಂಡಿಗೆ ಇಳಿಯಿತು.

ಈಗ ಜೂನ್ ತಿಂಗಳು. ಅಲ್ ಖುವೈರ್‌ನ ಬೀದಿಯಲ್ಲಿ ಟಾರು ಮೆತ್ತಗಾಗಿದೆ. ನಮ್ಮ ಮನೆಯ ಎಸಿ ಅತ್ತೆಯ ಅಪ್ಪಣೆಯಂತೆ ಮಧ್ಯಾಹ್ನ ಸ್ವಲ್ಪ ಹೊತ್ತು, ರಾತ್ರಿ ಸ್ವಲ್ಪ ಹೊತ್ತು ಮಾತ್ರ. ಸ್ವರ್ಣ ಹಾಡುತ್ತ ಶಾಲೆಗೆ ಹೋಗುತ್ತಾಳೆ, ನಿಶು ಅಜ್ಜಿಯ ಮಡಿಲಲ್ಲಿ ತುಳು ಕಲಿಯುತ್ತಿದ್ದಾಳೆ, ನನಗೆ ಹೊತ್ತು ಹೊತ್ತಿಗೆ ಗಂಜಿ, ಮೀನು ಸಾರು ಸಿಗುತ್ತಿದೆ. ನನ್ನ ಸಂಸಾರ ಉಳಿಸಿಕೊಟ್ಟ ಆ ತಾಯಿಗೆ ನಾನು ಜನ್ಮವಿಡೀ ಋಣಿ.

ಒಂದೇ ವ್ಯತ್ಯಾಸ. ಬೆಟ್ಟದಲ್ಲಿ ಒಮ್ಮೆ ಮುರಿದ ಅತ್ತೆಯ ಮೌನ ಮತ್ತೆ ಕೂಡಿಕೊಂಡೇ ಇಲ್ಲ. "ಅಳಿಯಂದಿರೇ, ಚಪ್ಪಲಿ ಅಲ್ಲಿ ಯಾಕೆ? ಅಳಿಯಂದಿರೇ, ಲೈಟು ಯಾರು ಆರಿಸುವುದು? ಅಳಿಯಂದಿರೇ, ಎಸಿಯ ಹತ್ತಿರ ನಿಮಗೇನು ಕೆಲಸ?" ಎಲ್ಲವೂ ನೇರ, ಮುಖಕ್ಕೆ ಮುಖ. ಎದುರುತ್ತರ ಕೊಡಲು ನನ್ನ ಕೃತಜ್ಞತೆ ಬಿಡುವುದಿಲ್ಲ. ಹಾಗಾಗಿ ಬೆವರು ಒರೆಸಿಕೊಂಡು, ಹೇಳಬೇಕಾದದ್ದನ್ನೆಲ್ಲ ನಾನೀಗ ಗೋಡೆಯ ಕ್ಯಾಲೆಂಡರಿಗೆ ಹೇಳುತ್ತೇನೆ.