ಘಾಟಿಲ್ಲದ ಮೆಣಸಿನಕಾಯಿ

ಹದಿಮೂರು ತುಂಬಿದ ಮಕ್ಕಳ ಮನಸ್ಸಿನಲ್ಲೇನಿದೆ ಎಂದು ತಿಳಿಯಲು ತಾಯಂದಿರಿಗೆ ಉಳಿದಿರುವುದು ಒಂದೇ ದಾರಿ, ಅವರು ಓದುವ ಪುಸ್ತಕವನ್ನು ಕದ್ದು ಓದುವುದು. ನನ್ನ ಮಗಳು ಸಾನ್ವಿಯಂತೂ ಏನು ಕೇಳಿದರೂ 'ಫೈನ್' ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಹಾಗಾಗಿ ಅವಳು ಈಜು ಕಲಿಯಲು ಹೋದಾಗಲೆಲ್ಲ, ಅವಳು ಲೈಬ್ರರಿಯಿಂದ ತಂದಿದ್ದ ದಪ್ಪ ಕಾದಂಬರಿಯನ್ನು ಕಾರಿನಲ್ಲಿ ಕೂತು ಓದತೊಡಗಿದೆ. ಅದರಲ್ಲೊಂದು ಮಾಟಗಾತಿಯರ ಮನೆತನ. ಅಜ್ಜಿ ಕೈಯೆತ್ತಿದರೆ ಬಿರುಗಾಳಿ ನಿಲ್ಲುತ್ತದೆ, ಅಮ್ಮ ಪಿಸುಗುಟ್ಟಿದರೆ ಬೀಗ ತೆರೆಯುತ್ತದೆ. ಮಗಳೊಬ್ಬಳಿಗೆ ಮಾತ್ರ ಏನೂ ಬರುವುದಿಲ್ಲ. ಅವಳು ಮಂತ್ರ ಹಾಕಿದರೆ ಮನೆಯ ಬೆಕ್ಕು ಸೀನುತ್ತದೆ, ಅಷ್ಟೇ. ಎಲ್ಲರ ನಡುವೆ ಕೂತೂ ಒಂಟಿಯಾದ ಆ ಹುಡುಗಿಯನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಅಯ್ಯೋ, ಇದು ನಮ್ಮ ಮನೆಯ ಕಥೆಯೇ!

ಯಾಕೆಂದರೆ ಹುಬ್ಬಳ್ಳಿಯಿಂದ ಬಂದು ಅಮೆರಿಕದ ಈ ಏಪೆಕ್ಸ್ ಊರಿನಲ್ಲಿ ನಮ್ಮ ಜೊತೆಗಿರುವ ಅತ್ತೆಗೆ, ವಾರಕ್ಕೊಮ್ಮೆ ನಮಗೆಲ್ಲ ದೃಷ್ಟಿ ತೆಗೆಯದಿದ್ದರೆ ಸಮಾಧಾನವಿಲ್ಲ. ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿವಾಳಿಸಿ ಒಲೆಯ ಮೇಲೆ ಸುಡುತ್ತಾರೆ. ಘಾಟು ಹತ್ತಿ ಕೆಮ್ಮು ಬಂದರೆ ದೃಷ್ಟಿ ತಾಕಿಲ್ಲ ಎಂದರ್ಥ. ಘಾಟೇ ಬರದಿದ್ದರೆ ಊರವರ ಕಣ್ಣೆಲ್ಲ ನಮ್ಮ ಮೇಲೆ. ನನ್ನ ಚಿಂತೆ ಬೇರೆ. ನಮ್ಮ ಸ್ಮೋಕ್ ಅಲಾರಂ ಒಗ್ಗರಣೆಗೇ ಬೊಬ್ಬೆ ಹೊಡೆಯುವ ಜಾತಿ. ಅದಕ್ಕೇ ಅತ್ತೆ ನಿವಾಳಿಸುತ್ತಿರುವಾಗಲೇ ಒಲೆಯ ಮೇಲಿನ ಫ್ಯಾನನ್ನು ಜೋರಾಗಿ ಹಾಕಿ, ಹಿಂದಿನ ಬಾಗಿಲನ್ನೂ ತೆರೆದಿಡುತ್ತೇನೆ. ಅತ್ತೆಗೆ ಕಿವಿ ಸ್ವಲ್ಪ ಮಂದ.

"ನೋಡವಾ, ಒಂಚೂರೂ ಘಾಟ ಇಲ್ಲ! ಎಷ್ಟ್ ದೃಷ್ಟಿ ಆಗೇತಿ!" ಎಂದು ಪ್ರತಿ ವಾರವೂ ಬೆರಗಾಗುತ್ತಾರೆ.

ಫ್ಯಾನ್ ಹಾಕಿದವಳು ನಾನೇ ಆದರೂ, ಆ ಮಾತು ಕೇಳಿದಾಗ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಕನ್ನಡದವರೆಲ್ಲ ಸೇರುವ ಪಾಟ್‌ಲಕ್ ಊಟಕ್ಕೆ ಉಟ್ಟುಹೋದ ಇಳಕಲ್ ಸೀರೆ ಯಾರ ಕಣ್ಣು ಕುಕ್ಕಿರಬಹುದು ಎಂದು ಯೋಚಿಸುತ್ತಾ ಪಾತ್ರೆ ತೊಳೆಯುತ್ತಿದ್ದೆ.

ಆದರೆ ಇಂಥ ಮನೆಯಲ್ಲಿ, ಇಲ್ಲೇ ಹುಟ್ಟಿದ ಮಗು ಒಂಟಿಯಾಗದೆ ಇರುತ್ತದೆಯೇ? ನನಗೆ ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ಕಾರಿನಲ್ಲಿ ಕೇಳಿಯೇ ಬಿಟ್ಟೆ. "ಪುಟ್ಟಾ, ಆ ಬುಕ್ಕಲ್ಲಿರೋ ಹುಡುಗಿ ಥರ ನಿಂಗೂ ಅನ್ಸುತ್ತಾ? ನಮ್ಮ ಜೊತೆ ಸೇರಲ್ಲ ಅಂತ?"

"ಅಮ್ಮಾ! ನನ್ ಬುಕ್ ಓದಿದ್ಯಾ?" ಎಂದು ಕಿರುಚಿದಳು. ಆಮೇಲೆ ಯಾಕೋ ನಕ್ಕುಬಿಟ್ಟಳು. "ನಾನಲ್ಲ. ಅಜ್ಜಿ ನಂಗೆ ಎಲ್ಲಾ ಟೀಚ್ ಮಾಡಿದಾರೆ. ಐ ಆಮ್ ರಿಯಲಿ ಗುಡ್! ಆ ಹುಡುಗಿ ನೀನು. ಫ್ಯಾನ್ ಆನ್ ಮಾಡೋದು ಯಾರು?"

ಮಗಳು ಒಂಟಿಯಲ್ಲ ಎಂದು ತಿಳಿದು ಎದೆಯ ಮೇಲಿನ ಭಾರ ಇಳಿಯಿತು. ಆ ಖುಷಿಯಲ್ಲಿ, ಅಂದು ಸಂಜೆ ಫ್ಯಾನ್ ಹಾಕದೆ ಅವಳೇ ನನಗೆ ದೃಷ್ಟಿ ತೆಗೆಯುತ್ತೇನೆಂದಾಗ ಹೂಂ ಅಂದುಬಿಟ್ಟೆ. ಅತ್ತೆ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು, ಸಾನ್ವಿ ಗಂಭೀರವಾಗಿ ನಿವಾಳಿಸಿ ಮೆಣಸಿನಕಾಯಿ ಸುಟ್ಟಳು. ಅಬ್ಬಾ, ಆ ಘಾಟು! ಮೂವರಿಗೂ ಕೆಮ್ಮು, ಕಣ್ಣಲ್ಲಿ ನೀರು. ಅಲಾರಂ ಬಡಿದುಕೊಳ್ಳತೊಡಗಿತು. ನಾನು ಕುರ್ಚಿ ಹತ್ತಿ ಟವೆಲ್ ಬೀಸಿದೆ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಸಂತೋಷದಿಂದ ಕೂಗಿ ಹೇಳಿದರು: "ಚಲೋ ಆತ್ ಬಿಡವಾ! ನಿನಗ ಯಾರ್ ದೃಷ್ಟಿನೂ ತಾಕಿಲ್ಲ!"

ಅಜ್ಜಿ ಮೊಮ್ಮಗಳಿಬ್ಬರೂ ನಕ್ಕು ಕೈ ತಟ್ಟಿಕೊಂಡರು. ನಾನು ಮಾತ್ರ ಕುರ್ಚಿಯ ಮೇಲೆಯೇ ನಿಂತಿದ್ದೆ. ಇಡೀ ಏಪೆಕ್ಸ್‌ನಲ್ಲಿ ನನ್ನನ್ನು ಕಂಡು ಹೊಟ್ಟೆ ಉರಿದುಕೊಳ್ಳುವವರು ಒಬ್ಬರೂ ಇಲ್ಲವೇ? ಆ ಇಳಕಲ್ ಸೀರೆಗೂ? ಮರುವಾರದಿಂದಲೇ ಮತ್ತೆ ಫ್ಯಾನ್ ಹಾಕುತ್ತಿದ್ದೇನೆ. ಅಲಾರಂ ಹೊಡೆದುಕೊಳ್ಳಬಾರದಲ್ಲ, ಅದಕ್ಕೆ.