ದಾಟುವವರು ಬೇಕಾಗಿದ್ದಾರೆ

ನಾನು ಕೈ ಹಾಕಿದ ಕೆಲಸವೆಲ್ಲ ಹೀಗೇ. ಸಲೀಸಾಗಿ ಶುರುವಾಗುತ್ತೆ, ಕೊನೆಗೆ ಯಾರಿಗೂ ಅದರ ತಲೆಬುಡ ಗೊತ್ತಾಗೋದಿಲ್ಲ. ಅರವತ್ತರ ದಶಕದಲ್ಲಿ ವಡೋದರಾದ ಗೋರ್ವಾ ಹತ್ತಿರ, ಹೆದ್ದಾರಿಯ ಮೇಲೆ, ನಡೆಯುವವರಿಗೂ ಸೈಕಲ್ಲಿನವರಿಗೂ ಒಂದು ಸೇತುವೆ ಕಟ್ಟಿದೆವು. ನಾನು ಮೈಸೂರಿನಿಂದ ಹೋಗಿದ್ದ ಡ್ರಾಫ್ಟ್ಸ್‌ಮನ್, ಟೆಂಪರರಿ. ನಮ್ಮ ಎಂಜಿನಿಯರ್ ಸಾಹೇಬರು ಮೊದಲ ದಿನವೇ ಹೇಳಿಬಿಟ್ಟರು: "ಜನ ಈ ಸೇತುವೆ ಹತ್ತಿದರೆ ನೀನು ಕಾಯಂ. ಇಲ್ಲದಿದ್ದರೆ ಊರಿಗೆ ಟಿಕೆಟ್ ತಗೋ."

ತಲೆ ಎಣಿಕೆ

ರಸ್ತೆ ದಾಟುವವರನ್ನು ಎಣಿಸೋಕೆ ನನ್ನ ಕೈಗೊಂದು ಕೊಡೆ, ಒಂದು ನೋಟ್‌ಬುಕ್ಕು ಕೊಟ್ಟು ನಿಲ್ಲಿಸಿದರು. ನಾನೇನು ಬರೀತಿದೀನಿ ಅಂತ ನೋಡೋಕೆ ಆ ಕಡೆಯವರು ಈ ಕಡೆ ಬಂದರು. ಎಣಿಸಿದೆ. ನೋಡಿಕೊಂಡು ವಾಪಸ್ ಹೋದರು. ಅದನ್ನೂ ಎಣಿಸಿದೆ. ಹೋದವರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದರು. ಒಬ್ಬ ಕಾಕಾ ಅಂತೂ, "ಇನ್ನೊಂದು ಸಲ ದಾಟಲಾ ಭಾಯಿ? ನಿಮಗೇನಾದ್ರೂ ಅನುಕೂಲ ಆಗುತ್ತಾ?" ಅಂದರು.

ಸಂಜೆ ನನ್ನ ಎಣಿಕೆ ನೋಡಿ ಸಾಹೇಬರು ಬೆಚ್ಚಿಬಿದ್ದರು. "ಅಯ್ಯೋ ದೇವರೇ! ಇಡೀ ಗೋರ್ವಾ ರಸ್ತೆ ಮೇಲೇ ಸಂಸಾರ ಮಾಡ್ತಿದೆಯೇನೋ! ಬೇಗ ಪಾಯ ತೋಡಿಸಿ!"

ಸಂಜೆ ಬರಲಿ

ಸೇತುವೆ ಎದ್ದಿತು. ನಡೆಯುವವರಿಗೆ ಮೆಟ್ಟಿಲು, ಸೈಕಲ್ಲಿಗೆ ಉದ್ದನೆಯ ಇಳಿಜಾರು. ಜನ ಮಾತ್ರ ಕೆಳಗೇ ದಾಟುತ್ತಿದ್ದರು. ಒಂದು ದಿನ ಹೋಗಿ ನೋಡ್ತೀನಿ, ಇಳಿಜಾರಿನ ತುಂಬ ಹಪ್ಪಳ! ನುಣ್ಣನೆ ಸಿಮೆಂಟು, ರಣಬಿಸಿಲು, ಓಣಿಯ ಹೆಂಗಸರು ಬಿಡ್ತಾರೆಯೇ?

"ಬೆನ್, ಇದು ಸೈಕಲ್ ಹೋಗೋ ದಾರಿ" ಅಂತ ಹಪ್ಪಳ ಹರಡುತ್ತಿದ್ದ ಒಬ್ಬಾಕೆಯನ್ನು ಹರಕು ಹಿಂದಿಯಲ್ಲಿ ಬೇಡಿಕೊಂಡೆ.

ಆಕೆ ಒಂದು ಹಪ್ಪಳ ಮುಟ್ಟಿ ನೋಡಿ, "ಸೈಕಲ್ಲಿನವರಿಗೆ ಸಂಜೆ ಬರೋಕೆ ಹೇಳಿ, ಇನ್ನೂ ಹಸಿ ಇದೆ" ಅಂದಳು.

ದೆಹಲಿಯ ಸಾಹೇಬರು

ದೆಹಲಿಯಿಂದ ದೊಡ್ಡ ಸಾಹೇಬರು ಸೇತುವೆ ನೋಡೋಕೆ ಬರುವ ದಿನ ಗೊತ್ತಾಯಿತು. ಸರಿಯಾಗಿ ಸಂಕ್ರಾಂತಿ. "ಅವತ್ತು ಮೇಲೆ ನರಪಿಳ್ಳೆ ಕಾಣದಿದ್ದರೆ ನಿನ್ನ ಕಥೆ ಮುಗೀತು" ಅಂದರು ನಮ್ಮ ಸಾಹೇಬರು.

ಅವತ್ತು ಬೆಳಿಗ್ಗೆಯೇ ಹೋದೆ. ನೋಡಿದರೆ ಸೇತುವೆ ಮೇಲೆ ಎಳ್ಳು ಹಾಕಲೂ ಜಾಗವಿಲ್ಲ! ಗುಜರಾತಿನಲ್ಲಿ ಸಂಕ್ರಾಂತಿ ಅಂದರೆ ಗಾಳಿಪಟ, ಸುತ್ತಮುತ್ತ ಅಷ್ಟು ಎತ್ತರದ ಜಾಗ ಮತ್ತೊಂದಿರಲಿಲ್ಲ. ಎಲ್ಲರೂ ದಾರ ಹಿಡಿದು ಆಕಾಶ ನೋಡುತ್ತ ನಿಂತಿದ್ದಾರೆ. ಈಚೆಯಿಂದ ಆಚೆಗೆ ಒಬ್ಬನೂ ಹೋಗುತ್ತಿಲ್ಲ. ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ದೊಡ್ಡ ಸಾಹೇಬರು ಅರ್ಧ ಮೆಟ್ಟಿಲು ಹತ್ತಿ ಜನರ ಮಧ್ಯೆ ಸಿಕ್ಕಿಕೊಂಡರು. ಗಾಳಿಪಟದ ಕಡೆ ಅವರ ಕಣ್ಣೇ ಹೋಗಲಿಲ್ಲ. ಹೇಗೋ ಇಳಿದು ಬಂದು, ಕೆಳಗೆ ರಸ್ತೆ ದಾಟುತ್ತಿದ್ದ ಮುದುಕಿಯೊಬ್ಬಳನ್ನು ತಡೆದು, "ಸೇತುವೆ ಇದೆಯಲ್ಲ ಮಾಜೀ, ಕೆಳಗೆ ಯಾಕೆ ಹೋಗ್ತೀರಿ?" ಅಂದರು.

"ಮೇಲೆ ಕಾಲಿಡೋಕೆ ಜಾಗ ಎಲ್ಲಿದೆ ಸಾಹೇಬ್?" ಅಂದಳು.

ದೊಡ್ಡ ಸಾಹೇಬರು ನಮ್ಮ ಸಾಹೇಬರ ಮೇಲೆ ಹರಿಹಾಯ್ದರು: "ಪಾಪ, ಜನ ದಾಟೋಕಾಗದೆ ಒದ್ದಾಡ್ತಿದ್ದಾರೆ! ಇಷ್ಟು ಕಿರಿದಾಗಿ ಕಟ್ಟೋದಾ? ಪಕ್ಕದಲ್ಲೇ ಇನ್ನೊಂದು ಕಟ್ಟಿ." ಆಮೇಲೆ ನನ್ನ ಕಡೆ ಕೈ ತೋರಿಸಿ, "ಜನ ಹೀಗೆ ಮುಗಿಬೀಳೋ ಸೇತುವೆ ಬರೆದವನು ಈತ ತಾನೆ? ಅದರ ನಕ್ಷೆಯೂ ಈತನೇ ಬರೀಲಿ, ಈತನನ್ನ ಕಾಯಂ ಮಾಡಿ!"

ಮನೆಗೆ ಓಡಿಬಂದೆ. "ಕೆಲಸ ಕಾಯಂ ಆಯ್ತು ಕಣೇ!"

"ನಿಜವಾಗ್ಲೂ ಏನ್ರೀ? ಯಾಕಂತೆ?" ಅಂದಳು ಹೆಂಡತಿ.

"ನನ್ನ ಸೇತುವೆ ಯಾರೂ ದಾಟಲಿಲ್ಲವಲ್ಲ, ಅದಕ್ಕೆ."